ರಾತ್ರಿ ಹಲ್ಲು ಕಡಿದ್ರೆ ಹೊಟ್ಟೆಯ ಹುಳವನ್ನು ಬೈಬೇಡಿ

ಕಳೆದ ಮಳೆಗಾಲ ಬದಿಯಡ್ಕದಲ್ಲಿ ತಂಗಿ ಮನೆಗೆ ಹೋಗಿದ್ದೆ, ನಡುರಾತ್ರಿ ಪಕ್ಕದಲ್ಲಿ ಮಲಗಿದ್ದ ಅವಳ ಮಗನ ಬಾಯಿಂದ ಕರ್ರ್ ಕರ್ರ್ ಶಬ್ದ, ನೀರು ಹಾಕದೆ ಕಡೆಯುವ ಕಲ್ಲು ತಿರುಗಿಸಿದ ಹಾಗೆ. ಬೆಳಿಗ್ಗೆ ಅವನ ಅಜ್ಜಿ "ಹೊಟ್ಟೆಲಿ ಹುಳ ಆಗಿದೆ, ಮದ್ದು ಕೊಡು" ಅಂದ್ರು. ನಮ್ಮ ಕಾಸರಗೋಡಲ್ಲಿ ಕನ್ನಡ, ತುಳು, ಮಲಯಾಳ ಯಾವ ಮನೆಗೆ ಹೋದ್ರೂ ಇದೇ ಮಾತು. ಶಾಲೆಯಲ್ಲಿ ಕೊಡುವ ಹುಳದ ಮಾತ್ರೆ ಆಲ್ಬೆಂಡಜೋಲ್ ತಪ್ಪಿಸ್ಬೇಡಿ, ಅದು ಹುಳಕ್ಕೆ ಬೇಕು, ಆದ್ರೆ ಹಲ್ಲು ಕಡಿದ ಕೂಡ್ಲೇ ಹುಳ ಅಂತ ಹೇಳ್ಲಿಕ್ಕೆ ಗಟ್ಟಿ ಆಧಾರ ಇಲ್ಲ.

ನಡೆಯುದೆಲ್ಲ ಮೆದುಳಲ್ಲಿ. ಹಗುರ ನಿದ್ದೆಯಲ್ಲಿ ಮೆದುಳು ಆಗಾಗ 3ರಿಂದ 15 ಸೆಕೆಂಡ್ ಅರೆ ಎಚ್ಚರ ಆಗ್ತದೆ, ನಮಗೆ ಗೊತ್ತೇ ಆಗುದಿಲ್ಲ. ಯಕ್ಷಗಾನದಲ್ಲಿ ದೊಡ್ಡ ವೇಷ ಒಮ್ಮೆಲೇ ರಂಗಸ್ಥಳಕ್ಕೆ ಬರುದಿಲ್ಲ ಅಲ್ವಾ, ಚೆಂಡೆ ಏರ್ಬೇಕು, ತೆರೆ ಹಿಡಿಯಬೇಕು. ಇಲ್ಲೂ ಹಾಗೆಯೇ, ಆ ಅರೆ ಎಚ್ಚರದಲ್ಲಿ ಹಲ್ಲು ಕಡಿಯುವ ಸುಮಾರು 4 ಸೆಕೆಂಡ್ ಮೊದಲು ಮೆದುಳಿನ ಅಲೆ ಚುರುಕಾಗ್ತದೆ, 1 ಸೆಕೆಂಡ್ ಮೊದಲು ಎದೆಬಡಿತ ಏರ್ತದೆ, ಮತ್ತೆ ಗಲ್ಲದ ಕೆಳಗಿನ ಸ್ನಾಯು, ಎಲ್ಲ ಆದ ಮೇಲೆ ಕೆನ್ನೆಯ ಮ್ಯಾಸೆಟರ್ ಸ್ನಾಯು ಸೆಕೆಂಡಿಗೊಂದರ ಹಾಗೆ ಬಿಗಿದು ಬಿಡ್ತದೆ, ಊಟ ಅಗಿಯುವ ತಾಳವೇ ಅದು, ಬಾಯಲ್ಲಿ ಊಟ ಇಲ್ಲ ಅಷ್ಟೇ. ಅಂಗಳದ ನಾಯಿ ನಿದ್ದೆಯಲ್ಲಿ ಕಿವಿ ನೆಟ್ಟಗೆ ಮಾಡಿ, ಗುರ್ ಅಂದು, ಏಳದೆ ಪುನಃ ಮಲಗುದುಂಟಲ್ಲ, ಅದೇ ಕಥೆ.

1907ರಲ್ಲಿ ಫ್ರಾನ್ಸಿನಲ್ಲಿ ಇದನ್ನು ಬ್ರಕ್ಸೊಮೇನಿಯ ಅಂತ ಕರೆದ್ರು, ಹಲ್ಲು ಕಡಿ ಅನ್ನುವ ಗ್ರೀಕ್ ಪದದಿಂದ. ಬ್ರಕ್ಸಿಸಂ ಅಂತ ಆದದ್ದು 1931ರಲ್ಲಿ. ಆಮೇಲೂ ಎಷ್ಟೋ ವರ್ಷ ಹಲ್ಲಿನ ಡಾಕ್ಟ್ರುಗಳು ಮೇಲೆ ಕೆಳಗಿನ ಹಲ್ಲು ಸರಿ ಕೂರದ್ದೇ ಕಾರಣ ಅಂತ ನಂಬಿ ಒಳ್ಳೆ ಹಲ್ಲನ್ನೇ ಉಜ್ಜಿ ಸವೆಸಿದ್ರು, ನನಗೆ ಇದು ಓದಿ ಬಹಳ ಬೇಜಾರಾಯ್ತು, ಯಾಕಂದ್ರೆ ಹಲ್ಲಿನ ಮೇಲಿನ ಗಟ್ಟಿ ಪದರ, ಎನಾಮೆಲ್, ಹೋದ್ರೆ ಪುನಃ ಬೆಳೆಯುದಿಲ್ಲ.

ಕಡಿಯುವವರಿಗೆ ತಮ್ಮ ಶಬ್ದ ಕೇಳುದಿಲ್ಲ. ನನಗೂ ಕೇಳಿರ್ಲಿಲ್ಲ, ಬೆಳಿಗ್ಗೆ ದವಡೆ ಬಿಗಿ, ಕಪಾಲದಲ್ಲಿ ನೋವು, ತಣ್ಣೀರು ಕುಡಿದ್ರೆ ಜುಮ್ ಅನ್ನುದು ಮಾತ್ರ ಗೊತ್ತಿತ್ತು. ಕನ್ನಡಿಯಲ್ಲಿ ನಾಲಿಗೆ ಚಾಚಿ ನೋಡಿದೆ, ಕರ್ಜಿಕಾಯಿ ಅಂಚನ್ನು ಬೆರಳಲ್ಲಿ ಒತ್ತಿದ ಹಾಗೆ ಸುತ್ತ ಹಲ್ಲಿನ ಗುಳಿಗಳು.

ಡಾಕ್ಟ್ರು ಹಲ್ಲಿನ ಅಚ್ಚು ತೆಗೆದು ನೈಟ್ ಗಾರ್ಡ್, ಅಂದ್ರೆ ರಾತ್ರಿ ಹಲ್ಲಿಗೆ ಹಾಕಿ ಮಲಗುವ ಕವಚ, ಮಾಡಿ ಕೊಟ್ರು. ಅದು ಕಡಿಯುದನ್ನು ನಿಲ್ಲಿಸುದಿಲ್ಲ, ಹಲ್ಲಿನ ಬದಲು ತಾನು ಸವೆಯುತ್ತದೆ. ರಾತ್ರಿಯ ಕಾಫಿ, ಬೀಡಿ ಸಿಗರೇಟು, ಕುಡಿತ, ತಲೆಬಿಸಿ ಎಲ್ಲ ಇದನ್ನು ಹೆಚ್ಚು ಮಾಡ್ತವೆ, ಖಿನ್ನತೆಯ ಕೆಲವು ಮಾತ್ರೆಗಳೂ ಸಹ, ಆದ್ರೆ ಮಾತ್ರೆಯನ್ನು ನೀವೇ ನಿಲ್ಲಿಸ್ಬೇಡಿ, ಬರೆದು ಕೊಟ್ಟ ಡಾಕ್ಟ್ರ ಹತ್ರ ಕೇಳಿ. ಮಕ್ಕಳದ್ದು ಹೆಚ್ಚಾಗಿ ದೊಡ್ಡವರಾಗ್ತಾ ತಾನೇ ನಿಲ್ತದೆ. ಆದ್ರೆ ಮಗುವೇ ಆಗ್ಲಿ ದೊಡ್ಡವರೇ ಆಗ್ಲಿ, ಜೋರು ಗೊರಕೆ ಹೊಡೆದು ನಡುವೆ ಉಸಿರು ಕಟ್ಟಿದ ಹಾಗೆ ಆದ್ರೆ ಗಾರ್ಡ್ ಮಾಡಿಸುವ ಮೊದಲು ನಿದ್ದೆಯ ಪರೀಕ್ಷೆಯ ಬಗ್ಗೆ ಡಾಕ್ಟ್ರಲ್ಲಿ ಕೇಳಿ, ಆ ಶಬ್ದವನ್ನು ಮೊಬೈಲಲ್ಲಿ ರೆಕಾರ್ಡ್ ಮಾಡಿ ತೆಕ್ಕೊಂಡು ಹೋಗಿ.