ಹದಿಮೂರಕ್ಕೆ ಹದಿಮೂರೂ ಗೆದ್ದು ಐದನೇ ಸ್ಥಾನ

2023ರ ಡಿಸೆಂಬರ್ 3ರ ಭಾನುವಾರ, ಅಮೆರಿಕದ ಫ್ಲಾರಿಡಾ ರಾಜ್ಯದ ರಾಜಧಾನಿ ಟಲ್ಲಹಸಿಯಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಆಟಗಾರರು ಟಿವಿಯ ಮುಂದೆ ಒಟ್ಟಾಗಿ ಕುಳಿತಿದ್ದರು. ಅವರು ಆ ಋತುವಿನಲ್ಲಿ ಆಡಿದ್ದ 13 ಪಂದ್ಯಗಳಲ್ಲಿ 13ನ್ನೂ ಗೆದ್ದಿದ್ದರು; ತಮ್ಮ ಕೂಟವಾದ, ಅಂದರೆ ತಮ್ಮ ವಿಶ್ವವಿದ್ಯಾಲಯ ಸೇರಿದ್ದ ತಂಡಗಳ ಗುಂಪಾದ, ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸಿನ ಪ್ರಶಸ್ತಿ ಹಿಂದಿನ ರಾತ್ರಿಯಷ್ಟೇ ಅವರ ಕೈಸೇರಿತ್ತು. ರಾಷ್ಟ್ರೀಯ ಪ್ರಶಸ್ತಿಗಾಗಿ ನಡೆಯುವ ಪ್ಲೇಆಫ್‌ನಲ್ಲಿ ಆಗ ನಾಲ್ಕೇ ತಂಡಗಳಿಗೆ ಜಾಗವಿತ್ತು. ಅದಕ್ಕೆ ಆಯ್ಕೆಯಾದವು ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್ ಮತ್ತು ಅಲಬಾಮಾ. ಇವುಗಳಲ್ಲಿ ಕೊನೆಯ ಎರಡು ಒಂದೊಂದು ಪಂದ್ಯ ಸೋತಿದ್ದ ತಂಡಗಳು. ಒಂದನ್ನೂ ಸೋಲದ ಫ್ಲಾರಿಡಾ ಸ್ಟೇಟ್‌ಗೆ ಐದನೇ ಸ್ಥಾನ ಸಿಕ್ಕಿತು. ಪ್ರಮುಖ ಐದು ಕೂಟಗಳ ಪೈಕಿ ಒಂದರಲ್ಲಿ ಅಜೇಯವಾಗಿ ಪ್ರಶಸ್ತಿ ಗೆದ್ದ ತಂಡವೊಂದು ಈ ಪ್ಲೇಆಫ್‌ನಿಂದ ಹೊರಗುಳಿದದ್ದು ಅದೇ ಮೊದಲು.

ಅಂಕಪಟ್ಟಿ ನೋಡಿ ಅಭ್ಯಾಸವಾದ ನಮಗೆ ಇದು ವಿಚಿತ್ರವಾಗಿ ಕಾಣುವುದು ಸಹಜ. ಆದರೆ ಕಾಲೇಜು ಫುಟ್‌ಬಾಲಿನ ಉನ್ನತ ಶ್ರೇಣಿಯಲ್ಲಿ ಸುಮಾರು 130 ತಂಡಗಳಿದ್ದು, ಕೂಟದ ಅಂತಿಮ ಪಂದ್ಯ ಬಿಟ್ಟರೆ ಒಂದೊಂದೂ ಆಡುವುದು 12 ಪಂದ್ಯ ಮಾತ್ರ. ಹೆಚ್ಚಿನ ತಂಡಗಳು ಒಂದಕ್ಕೊಂದು ಎದುರಾಗುವುದೇ ಇಲ್ಲ. ಹೀಗಾಗಿ ಯಾರು ದೊಡ್ಡವರು ಎಂಬುದನ್ನು ಮೊದಲಿನಿಂದಲೂ ಮೈದಾನದ ಹೊರಗಿನವರೇ ಹೇಳುತ್ತ ಬಂದಿದ್ದಾರೆ. ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆಯಾದ ಎನ್‌ಸಿಎಎ ಬ್ಯಾಸ್ಕೆಟ್‌ಬಾಲಿಗೆ 1939ರಿಂದಲೇ ರಾಷ್ಟ್ರೀಯ ಟೂರ್ನಿ ನಡೆಸುತ್ತಿದ್ದರೂ ಫುಟ್‌ಬಾಲಿನ ಉನ್ನತ ಶ್ರೇಣಿಗೆ ಎಂದೂ ನಡೆಸಿಲ್ಲ. ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ 1936ರಲ್ಲಿ ಆರಂಭಿಸಿದ, ಕ್ರೀಡಾ ಪತ್ರಕರ್ತರ ಮತದಿಂದ ಸಿದ್ಧವಾಗುವ ಪಟ್ಟಿಯಲ್ಲಿ ಕೊನೆಗೆ ಮೊದಲ ಸ್ಥಾನದಲ್ಲಿ ಉಳಿದವರೇ ಚಾಂಪಿಯನ್. ಮುಂದೆ ತರಬೇತುದಾರರ ಪಟ್ಟಿಯೂ ಅದರ ಜೊತೆಗೂಡಿತು. ಎರಡು ಪಟ್ಟಿಗಳೂ ಒಂದೇ ಹೆಸರು ಹೇಳಬೇಕೆಂಬ ನಿಯಮವೇನೂ ಇರಲಿಲ್ಲವಾದ್ದರಿಂದ 1997ರಲ್ಲಿ ಮಿಷಿಗನ್ ಮತ್ತು ನೆಬ್ರಾಸ್ಕಾ ಎರಡೂ ಚಾಂಪಿಯನ್ ಎನಿಸಿಕೊಂಡವು.

ವರ್ಷಾಂತ್ಯದ ಬೌಲ್ ಪಂದ್ಯಗಳಾದರೂ ಇದನ್ನು ತೀರ್ಮಾನಿಸಬಹುದಿತ್ತು. ಆದರೆ ಅವು ಆಯಾ ಊರಿನವರು ಪ್ರವಾಸಿಗರನ್ನು ಸೆಳೆಯಲು ಹುಟ್ಟುಹಾಕಿದ ಉತ್ಸವಗಳಾಗಿದ್ದು, ನಿರ್ದಿಷ್ಟ ಕೂಟಗಳೊಂದಿಗೆ ಒಪ್ಪಂದ ಮಾಡಿಕೊಂಡಿದ್ದವು. 1994ರಲ್ಲಿ ನೆಬ್ರಾಸ್ಕಾ ಮತ್ತು ಪೆನ್ ಸ್ಟೇಟ್ ಎರಡೂ ಅಜೇಯವಾಗಿದ್ದರೂ, ಪೆನ್ ಸ್ಟೇಟ್ ಸೇರಿದ್ದ ಕೂಟದ ಚಾಂಪಿಯನ್ ರೋಸ್ ಬೌಲಿಗೇ ಹೋಗಬೇಕಿದ್ದ ಕಾರಣ ಇಬ್ಬರ ಮುಖಾಮುಖಿ ಆಗಲೇ ಇಲ್ಲ. 1998ರಲ್ಲಿ ಬಂದ ಬಿಸಿಎಸ್ ಎಂಬ ವ್ಯವಸ್ಥೆ ಜನರ ಮತಕ್ಕೆ ಕಂಪ್ಯೂಟರ್ ಲೆಕ್ಕವನ್ನು ಬೆರೆಸಿ ರಾಷ್ಟ್ರೀಯ ಪ್ರಶಸ್ತಿಯ ಪಂದ್ಯಕ್ಕೆ ಎರಡು ತಂಡಗಳನ್ನು ಆರಿಸತೊಡಗಿತು. 2004ರಲ್ಲಿ ಮೂರು ದೊಡ್ಡ ತಂಡಗಳು ಅಜೇಯವಾಗಿ ಉಳಿದಾಗ ಆಬರ್ನ್ ಹೊರಬಿತ್ತು. ಕಂಪ್ಯೂಟರಿನ ಮೇಲೆ ಸಿಟ್ಟಾದವರ ಬೇಡಿಕೆಯಂತೆ 2014ರಲ್ಲಿ ನಾಲ್ಕು ತಂಡಗಳ ಪ್ಲೇಆಫ್ ಬಂದಿತು. ಆರಿಸುವ ಕೆಲಸ 13 ಸದಸ್ಯರ ಸಮಿತಿಯೊಂದರ ಪಾಲಾಯಿತು. ಅದು ಟೆಕ್ಸಸ್‌ನ ಗ್ರೇಪ್‌ವೈನ್ ಊರಿನ ಹೋಟೆಲೊಂದರಲ್ಲಿ ಸೇರುತ್ತದೆ. ಅಭಿಪ್ರಾಯದಿಂದ ಯಂತ್ರಕ್ಕೆ ಹೋಗಿ, ಯಂತ್ರದಿಂದ ಮತ್ತೆ ಅಭಿಪ್ರಾಯಕ್ಕೇ ಮರಳಿದಂತಾಯಿತು.

ಆ ಸಮಿತಿಯ ನಿಯಮಾವಳಿಯಲ್ಲಿ ಪ್ರಮುಖ ಆಟಗಾರರ ಗೈರುಹಾಜರಿಯನ್ನು ಪರಿಗಣಿಸಬಹುದೆಂಬ ಮಾತೊಂದಿತ್ತು. 2023ರಲ್ಲಿ ಫ್ಲಾರಿಡಾ ಸ್ಟೇಟ್‌ಗೆ ಮುಳುವಾದದ್ದು ಅದೇ. 2020ರಲ್ಲಿ 3 ಗೆಲುವು, 6 ಸೋಲಿನಿಂದ ಶುರುಮಾಡಿದ್ದ ತರಬೇತುದಾರ ಮೈಕ್ ನಾರ್ವೆಲ್ ತಂಡವನ್ನು ಹಂತಹಂತವಾಗಿ ಮೇಲೆತ್ತಿದ್ದರು. ಆ ಏಳಿಗೆಯ ಬೆನ್ನೆಲುಬು ಕ್ವಾರ್ಟರ್‌ಬ್ಯಾಕ್, ಅಂದರೆ ಪಾಸು ಎಸೆದು ತಂಡದ ಆಕ್ರಮಣವನ್ನು ಮುನ್ನಡೆಸುವ ಆಟಗಾರ, ಜೋರ್ಡನ್ ಟ್ರಾವಿಸ್. ನವೆಂಬರ್ 18ರಂದು ನಾರ್ತ್ ಅಲಬಾಮಾ ಎಂಬ ಚಿಕ್ಕ ಎದುರಾಳಿಯ ವಿರುದ್ಧ, ತವರು ಮೈದಾನದಲ್ಲಿ, ಮೊದಲ ಕ್ವಾರ್ಟರಿನಲ್ಲೇ ಚೆಂಡು ಹಿಡಿದು ಓಡಿದ ಟ್ರಾವಿಸ್ ಎದುರಾಳಿಯ ಹಿಡಿತಕ್ಕೆ ಸಿಕ್ಕಿ ಬಿದ್ದರು, ಎಡಗಾಲು ಮುರಿಯಿತು. ಅವರನ್ನು ಗಾಡಿಯಲ್ಲಿ ಹೊರಗೆ ಒಯ್ಯಲಾಯಿತು. 0-13ರ ಹಿನ್ನಡೆಯಲ್ಲಿದ್ದ ತಂಡ ಆ ಪಂದ್ಯವನ್ನು 58-13ರಿಂದ ಗೆದ್ದಿತಾದರೂ, ಅಲ್ಲಿಂದ ಮುಂದೆ ಅದನ್ನು ನೋಡುವವರ ಕಣ್ಣೇ ಬದಲಾಗಿತ್ತು. ಬದಲಿ ಕ್ವಾರ್ಟರ್‌ಬ್ಯಾಕ್ ಟೇಟ್ ರೋಡ್‌ಮೇಕರ್ ಫ್ಲಾರಿಡಾ ವಿಶ್ವವಿದ್ಯಾಲಯದ ವಿರುದ್ಧ ತಂಡವನ್ನು ಗೆಲ್ಲಿಸಿದರು, ಆದರೆ ತಲೆಗೆ ಪೆಟ್ಟು ಮಾಡಿಕೊಂಡರು. ಹೀಗಾಗಿ ಲೂಯಿವಿಲ್ ವಿರುದ್ಧದ ಕೂಟದ ಅಂತಿಮ ಪಂದ್ಯದಲ್ಲಿ ಹೊಣೆ ಬಿದ್ದದ್ದು ಮೊದಲ ವರ್ಷದ ವಿದ್ಯಾರ್ಥಿ ಬ್ರಾಕ್ ಗ್ಲೆನ್ ಮೇಲೆ. ಅವರ ಪಾಸುಗಳಿಂದ ದಕ್ಕಿದ್ದು ಬರೇ 55 ಗಜ. ರಕ್ಷಣಾ ಪಡೆಯೇ ಪಂದ್ಯವನ್ನು ಹೊತ್ತು 16-6ರಿಂದ ಗೆಲ್ಲಿಸಿತು.

ಅದೇ ದಿನ ಅಟ್ಲಾಂಟಾದಲ್ಲಿ, ಸಮಿತಿಯ ಪಟ್ಟಿಯಲ್ಲಿ ಎಂಟನೇ ಸ್ಥಾನದಲ್ಲಿದ್ದ ಅಲಬಾಮಾ, ಮೊದಲ ಸ್ಥಾನದ ಜಾರ್ಜಿಯಾವನ್ನು 27-24ರಿಂದ ಸೋಲಿಸಿತು. ಗಂಟು ಬಿದ್ದದ್ದು ಇಲ್ಲಿ. ಜಾರ್ಜಿಯಾವನ್ನು ಮಣಿಸಿದ ಅಲಬಾಮಾವನ್ನು ಬಿಡುವಂತಿಲ್ಲ. ಅದನ್ನು ತೆಗೆದುಕೊಂಡರೆ, ಸೆಪ್ಟೆಂಬರಿನಲ್ಲಿ ಅದರ ಊರಿಗೇ ಹೋಗಿ 34-24ರಿಂದ ಗೆದ್ದುಬಂದಿದ್ದ ಟೆಕ್ಸಸನ್ನೂ ಬಿಡುವಂತಿಲ್ಲ. ಮಿಷಿಗನ್ ಮತ್ತು ವಾಷಿಂಗ್ಟನ್ ಅಜೇಯ. ಹಾಗಾಗಿ ನಾಲ್ಕನೇ ಸ್ಥಾನದಲ್ಲಿದ್ದು, ಆ ವಾರವೂ ಗೆದ್ದ ತಂಡ ಒಂದು ಮೆಟ್ಟಿಲು ಕೆಳಗಿಳಿಯಿತು. ಟ್ರಾವಿಸ್ ಇಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದು ಸಮಿತಿಯ ಅಧ್ಯಕ್ಷ ಬೂ ಕಾರಿಗನ್ ನೀಡಿದ ಸಮಜಾಯಿಷಿಯ ತಿರುಳು. ತನ್ನ ಕಾಲು ಋತುವಿನ ಆರಂಭದಲ್ಲೇ ಮುರಿದಿದ್ದರೆ ಈ ತಂಡ ಒಬ್ಬ ಕ್ವಾರ್ಟರ್‌ಬ್ಯಾಕ್‌ಗಿಂತ ಎಷ್ಟು ದೊಡ್ಡದೆಂದು ಎಲ್ಲರಿಗೂ ಕಾಣುತ್ತಿತ್ತು ಎಂದು ಟ್ರಾವಿಸ್ ಸಾಮಾಜಿಕ ಜಾಲತಾಣದಲ್ಲಿ ಬರೆದುಕೊಂಡರು.

ಸಮಿತಿಯ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದರ ಮೊದಲ ವರ್ಷದ ಉದಾಹರಣೆಯೇ ಅದಕ್ಕೆ ಎದುರಾಗಿ ನಿಲ್ಲುತ್ತದೆ. 2014ರಲ್ಲಿ ಒಹಾಯೊ ಸ್ಟೇಟ್ ಕೂಡ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳನ್ನು ಗಾಯಕ್ಕೆ ಕಳೆದುಕೊಂಡು ಮೂರನೆಯವರಾದ ಕಾರ್ಡೇಲ್ ಜೋನ್ಸ್ ಅವರನ್ನು ಇಳಿಸಿತ್ತು. ಕೂಟದ ಅಂತಿಮ ಪಂದ್ಯವನ್ನು 59-0ರಿಂದ ಗೆದ್ದು, ನಾಲ್ಕನೇ ತಂಡವಾಗಿ ಒಳಬಂದು, ರಾಷ್ಟ್ರೀಯ ಪ್ರಶಸ್ತಿಯನ್ನೇ ಒಯ್ದಿತು. ಎರಡೂ ತೀರ್ಮಾನಗಳನ್ನು ಜೋಡಿಸಿ ನೋಡಿದರೆ ಗೆಲುವಿಗಿಂತ ಗೆಲುವಿನ ಅಂದವೇ ಎಣಿಕೆಗೆ ಬಂದಂತೆ ತೋರುತ್ತದೆ. ಅತ್ಯುತ್ತಮ ತಂಡ ಮತ್ತು ಅತಿ ಅರ್ಹ ತಂಡ ಎಂಬ ಎರಡು ಅಳತೆಗೋಲುಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದು 1936ರಿಂದ ಇತ್ಯರ್ಥವಾಗದೆ ಉಳಿದಿದೆ.

ಡಿಸೆಂಬರ್ 30ರ ಆರೆಂಜ್ ಬೌಲಿನಲ್ಲಿ, ಇಪ್ಪತ್ತಕ್ಕೂ ಹೆಚ್ಚು ಆಟಗಾರರಿಲ್ಲದೆ ಕಣಕ್ಕಿಳಿದ ಫ್ಲಾರಿಡಾ ಸ್ಟೇಟ್ ಜಾರ್ಜಿಯಾದೆದುರು 63-3ರಿಂದ ಸೋತಿತು. ಸಮಿತಿಯೇ ಸರಿಯೆಂದು ಹೇಳಲು ಕೆಲವರಿಗೆ ಇದೊಂದು ನೆಪವಾಯಿತು. ಅರ್ಧ ತಂಡ ಆಡದ ಪಂದ್ಯದಿಂದ ಏನನ್ನು ಸಾಬೀತು ಮಾಡಲಾದೀತು ಎಂದು ಅವರು ಯೋಚಿಸಿದಂತಿಲ್ಲ. ಇದಕ್ಕೆ ಎಂಟು ದಿನ ಮುಂಚೆ ವಿಶ್ವವಿದ್ಯಾಲಯ ತನ್ನ ಕೂಟದ ಮೇಲೆಯೇ ಮೊಕದ್ದಮೆ ಹೂಡಿತ್ತು. ಪ್ರಸಾರದ ಹಕ್ಕುಗಳನ್ನು 2036ರವರೆಗೆ ಕೂಟಕ್ಕೆ ಬರೆದುಕೊಟ್ಟಿದ್ದರಿಂದ ಹೊರನಡೆಯಲು 57.2 ಕೋಟಿ ಡಾಲರ್ ತೆರಬೇಕಾಗುತ್ತದೆ ಎಂಬುದು ಅದರ ದೂರು. ಪ್ರತಿಸ್ಪರ್ಧಿ ಕೂಟಗಳ ಟಿವಿ ಆದಾಯ ತಮ್ಮದನ್ನು ಬಹಳ ಹಿಂದಿಕ್ಕಿದೆ ಎಂದು ಅಲ್ಲಿನ ಆಡಳಿತ ಮಂಡಳಿ ಆಗಸ್ಟಿನಲ್ಲೇ ಗೊಣಗಿತ್ತು. ಪ್ಲೇಆಫ್ ಕೈತಪ್ಪಿದ್ದು ಆ ಹಳೆಯ ಅಸಮಾಧಾನಕ್ಕೆ ಬೆಂಕಿ ಹಚ್ಚಿತಷ್ಟೇ. 2025ರ ಮಾರ್ಚ್‌ನಲ್ಲಿ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು.

ಪ್ಲೇಆಫನ್ನು 12 ತಂಡಗಳಿಗೆ ವಿಸ್ತರಿಸುವ ನಿರ್ಧಾರ 2022ರಲ್ಲೇ ಆಗಿದ್ದರೂ ಅದು ಜಾರಿಗೆ ಬಂದದ್ದು 2024ರ ಋತುವಿನಿಂದ. ಆ ಮೊದಲ ವರ್ಷವೇ ಎರಡು ಪಂದ್ಯ ಸೋತಿದ್ದ, ತನ್ನ ಕೂಟದ ಅಂತಿಮ ಪಂದ್ಯಕ್ಕೂ ತಲುಪಿರದ ಒಹಾಯೊ ಸ್ಟೇಟ್ ಎಂಟನೇ ಶ್ರೇಯಾಂಕದಿಂದ ಬಂದು ಚಾಂಪಿಯನ್ ಆಯಿತು. ಫ್ಲಾರಿಡಾ ಸ್ಟೇಟ್ ಆ ವರ್ಷ ಗೆದ್ದದ್ದು 2, ಸೋತದ್ದು 10; ಅದರ ವಿಷಯದಲ್ಲಿ ಸಮಿತಿಗೆ ಯಾವ ತಲೆನೋವೂ ಇರಲಿಲ್ಲ.