ಅರ್ಜನ್ ಸಿಂಗ್ ಎದೆಯ ಮೇಲಿನ ರಿಬ್ಬನ್‌ಗಳನ್ನು ಓದುವ ಬಗೆ

ವಾಯುಪಡೆಯಿಂದ ನಿವೃತ್ತನಾದ ಮೇಲೆ, ಹಳೆಯ ಸೈನಿಕರ ಮನೆಯವರು ತಂದು ತೋರಿಸುವ ಪದಕಗಳ ಅರ್ಥ ಬಿಡಿಸಿ ಹೇಳುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮಾತು ಸ್ವಲ್ಪ ಬೆಳೆದರೆ ಮಾರ್ಷಲ್ ಅರ್ಜನ್ ಸಿಂಗ್ ಹೆಸರು ಬಂದೇ ಬರುತ್ತದೆ. ಹಿಂದೆಯೇ ಒಂದು ಪ್ರಶ್ನೆ: "1965ರ ಯುದ್ಧದಲ್ಲಿ ವಾಯುಪಡೆಯನ್ನು ನಡೆಸಿದವರು ಅವರು. ಪರಮವೀರ ಚಕ್ರ ಹೋಗಲಿ, ಮಹಾವೀರ ಚಕ್ರವಾದರೂ ಯಾಕೆ ಕೊಡಲಿಲ್ಲ ಸಾರ್?"

ಕೇಳಬೇಕಾದ ಪ್ರಶ್ನೆಯೇ. ಉತ್ತರಕ್ಕೆ ಶೌರ್ಯ ಪದಕ ಹುಟ್ಟುವ ರೀತಿಯನ್ನು ತಿಳಿಯಬೇಕು. ಶತ್ರುವಿನ ಎದುರಿಗೆ ಒಬ್ಬ ವ್ಯಕ್ತಿ ಏನು ಮಾಡಿದ ಎನ್ನುವುದನ್ನು ಯಾರೋ ಕಂಡಿರಬೇಕು, ಅದು ಬರವಣಿಗೆಗೆ ಇಳಿಯಬೇಕು, ಮೇಲಧಿಕಾರಿಗಳು ಶಿಫಾರಸು ಮಾಡಬೇಕು. ಇಡೀ ವಾಯುಪಡೆಯ ಹೊಣೆ ಹೊತ್ತು ದೆಹಲಿಯಲ್ಲಿ ಕುಳಿತು ತೆಗೆದುಕೊಂಡ ನಿರ್ಧಾರ ಎಷ್ಟೇ ದೊಡ್ಡದಿರಲಿ, ಆ ಅಳತೆಗೋಲಿಗೆ ಸಿಗುವುದಿಲ್ಲ. ಅರ್ಜನ್ ಸಿಂಗ್ ಅವರ ಶೌರ್ಯ ಪದಕ ಅವರು ಸ್ವತಃ ಕಾಕ್‌ಪಿಟ್‌ನಲ್ಲಿ ಕುಳಿತು ಯುದ್ಧ ಮಾಡಿದ ಕಾಲದ್ದು. ಅದು ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್. ವಾಯುಪಡೆಯ ಬಾಯಿಮಾತಿನಲ್ಲಿ ಡಿಎಫ್‌ಸಿ.

ಅವರು ಹುಟ್ಟಿದ್ದು 1919ರಲ್ಲಿ, ಈಗ ಫೈಸಲಾಬಾದ್ ಎನಿಸಿಕೊಂಡಿರುವ ಲಯಲ್‌ಪುರದಲ್ಲಿ. 1938ರಲ್ಲಿ ಇಂಗ್ಲೆಂಡಿನ ಕ್ರಾನ್‌ವೆಲ್ ವಾಯುಪಡೆ ಕಾಲೇಜಿಗೆ ಆಯ್ಕೆಯಾಗಿ, 1939ರ ಡಿಸೆಂಬರ್‌ನಲ್ಲಿ ಪೈಲಟ್ ಆಫೀಸರ್ ಆದರು. ಮೊದಲ ಪೋಸ್ಟಿಂಗ್ ನಂ. 1 ಸ್ಕ್ವಾಡ್ರನ್‌ಗೆ, ಅಂದರೆ ಆ ಸಂಖ್ಯೆಯ ವಿಮಾನ ದಳಕ್ಕೆ, ವಾಯುವ್ಯ ಗಡಿನಾಡಿನಲ್ಲಿ. ಅಲ್ಲಿನ ಗುಡ್ಡಗಳಿಂದ ಬುಡಕಟ್ಟು ಹೋರಾಟಗಾರರು ಹಾರಿಸಿದ ಗುಂಡಿಗೆ ಅವರ ವಿಮಾನ ಒಮ್ಮೆ ನೆಲಕ್ಕಿಳಿದದ್ದೂ ಉಂಟು.

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿ ಅದೇ ನಂ. 1ರ ಮುಖ್ಯಸ್ಥರಾದರು. ಮರುವರ್ಷದ ಆರಂಭದಲ್ಲಿ ಸ್ಕ್ವಾಡ್ರನ್ನಿನ ಹರಿಕೇನ್ ವಿಮಾನಗಳು ಇಂಫಾಲ್‌ಗೆ ಬಂದಿಳಿದವು. ಮಾರ್ಚ್ ಕೊನೆಯ ಹೊತ್ತಿಗೆ ಜಪಾನಿ ಸೇನೆ ಕೊಹಿಮಾ ರಸ್ತೆಯನ್ನು ಕತ್ತರಿಸಿತು. ಆ ದಾರಿ ಮತ್ತೆ ತೆರೆದದ್ದು ಜೂನ್ 22ರಂದು. ಅಲ್ಲಿಯವರೆಗೆ ಅಕ್ಕಿ, ಮದ್ದುಗುಂಡು, ಔಷಧಿ ಎಲ್ಲವೂ ಆಕಾಶದಿಂದಲೇ ಬರಬೇಕಿತ್ತು. ಗಾಯಾಳುಗಳು ಹೊರಗೆ ಹೋಗಬೇಕಿದ್ದರೂ ವಿಮಾನವೇ ಗತಿ.

ಹರಿಕೇನ್‌ಗಳ ಮುಖ್ಯ ಕೆಲಸ ಬೇಹುಗಾರಿಕೆ. ಕಾಡಿನ ಮೇಲೆ ತೀರ ತಗ್ಗಿನಲ್ಲಿ ಜೋಡಿಯಾಗಿ ಹಾರುವುದು. ಮುಂದಿನವನು ನೆಲ ನೋಡುತ್ತಾನೆ: ಹೊಸ ಕಾಲುಹಾದಿ ಮೂಡಿದೆಯೇ, ಮರದ ಕೆಳಗೆ ಲಾರಿ ಅಡಗಿದೆಯೇ, ನಿನ್ನೆ ಇಲ್ಲದ ಹೊಗೆ ಇಂದು ಏಳುತ್ತಿದೆಯೇ. ಹಿಂದಿನವನು ಇಬ್ಬರ ಬೆನ್ನನ್ನೂ ಕಾಯುತ್ತಾನೆ. ಶತ್ರು ವಿಮಾನ ಕೆಡವಿದ ಲೆಕ್ಕ ಈ ಕೆಲಸದಲ್ಲಿ ಸಿಗುವುದಿಲ್ಲ, ಪತ್ರಿಕೆಯಲ್ಲಿ ಚಿತ್ರವೂ ಬರುವುದಿಲ್ಲ. ನನ್ನ ದೃಷ್ಟಿಯಲ್ಲಿ ಯುದ್ಧವಿಮಾನದ ಪೈಲಟ್‌ಗೆ ಇದಕ್ಕಿಂತ ಕಠಿಣ ಕೆಲಸ ಕಡಿಮೆ. ಅಷ್ಟು ತಗ್ಗಿನಲ್ಲಿ ಎಂಜಿನ್ನಿಗೆ ಒಂದು ಗುಂಡು ಬಿದ್ದರೆ ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಎತ್ತರ ಸಾಲದು. ಇಂಥ ಹಾರಾಟಕ್ಕೆ ದಿನದಿನವೂ ಹುಡುಗರನ್ನು ಕಳುಹಿಸುತ್ತ, ತಾನೂ ಹೊರಡುತ್ತಿದ್ದ ಇಪ್ಪತ್ತೈದರ ತರುಣನಿಗೆ ಡಿಎಫ್‌ಸಿ ಬಂತು. 1944ರ ಜೂನ್‌ನಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ ಇಂಫಾಲ್‌ಗೇ ಬಂದು ಅದನ್ನು ಅವರ ಎದೆಗೆ ತೊಡಿಸಿದರು.

ಡಿಎಫ್‌ಸಿ ಬೆಳ್ಳಿಯ ಶಿಲುಬೆ. ಬಿಳಿ–ನೇರಳೆ ಬಣ್ಣದ ಓರೆ ಪಟ್ಟಿಗಳ ರಿಬ್ಬನ್. ಹಿಂಬದಿಯಲ್ಲಿ, ಶಿಲುಬೆಯ ಕೆಳಗಿನ ತೋಳಿನ ಮೇಲೆ ಇಸವಿ ಕೆತ್ತಿರುತ್ತಾರೆ. ಅದನ್ನು ಬರ್ಮಾ ಸ್ಟಾರ್ ಜೊತೆ ಗೊಂದಲ ಮಾಡಿಕೊಳ್ಳಬಾರದು. ಬರ್ಮಾ ಸ್ಟಾರ್ ಆ ರಣರಂಗದಲ್ಲಿ ಸೇವೆ ಮಾಡಿದ ಎಲ್ಲರಿಗೂ ಸಂದದ್ದು. ವಿಮಾನ ಸಿಬ್ಬಂದಿಯಾದರೆ ಒಂದು ಯುದ್ಧ ಹಾರಾಟವೇ ಸಾಕಿತ್ತು. ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಕೇಂದ್ರ ಬೆಂಗಳೂರಿನಲ್ಲೇ ಇರುವುದರಿಂದ ನಮ್ಮ ಕಡೆ ಹಲವು ಮನೆಗಳ ಪೆಟ್ಟಿಗೆಯಲ್ಲಿ ಈ ಆರು ಮೂಲೆಯ ನಕ್ಷತ್ರ ಸಿಗುತ್ತದೆ. ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ಸಾಮಾನ್ಯವಾಗಿ ನಂಬರು, ಹೆಸರು ಕೆತ್ತಿರುತ್ತದೆ. ದಯವಿಟ್ಟು ಅದನ್ನು ಉಜ್ಜಿ ಉಜ್ಜಿ ಪಾಲಿಶ್ ಮಾಡಿ ಅಳಿಸಬೇಡಿ.

ಇನ್ನೊಂದು ಸಂಗತಿ ನನ್ನನ್ನು ಇಂದಿಗೂ ಕಾಡುತ್ತದೆ. ಡಿಎಫ್‌ಸಿ ಸಿಗುತ್ತಿದ್ದದ್ದು ಅಧಿಕಾರಿಗಳಿಗೆ ಮತ್ತು ವಾರಂಟ್ ಆಫೀಸರುಗಳಿಗೆ. ಅದೇ ವಿಮಾನದಲ್ಲಿ ಅದೇ ಗುಂಡಿನ ಮಳೆಯಲ್ಲಿ ಕುಳಿತಿದ್ದ ಕೆಳಗಿನ ದರ್ಜೆಯವನಿಗೆ ಡಿಎಫ್‌ಎಂ (ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಮೆಡಲ್) ಎಂಬ ಬೇರೆ ಪದಕ. ಬ್ರಿಟನ್ ಈ ಭೇದವನ್ನು ಕೈಬಿಟ್ಟದ್ದು 1993ರಲ್ಲಿ. 1950ರ ಜನವರಿ 26ರಂದು ಪರಮವೀರ, ಮಹಾವೀರ, ವೀರ ಚಕ್ರಗಳನ್ನು ಸ್ಥಾಪಿಸಿದಾಗಲೇ ನಮ್ಮ ಗಣರಾಜ್ಯ ದರ್ಜೆಯ ಗೋಡೆ ಇಟ್ಟುಕೊಳ್ಳಲಿಲ್ಲ. ಅದು ನಮಗೆ ಹೆಮ್ಮೆಯ ವಿಷಯ.

1964ರ ಆಗಸ್ಟ್‌ನಲ್ಲಿ ಅರ್ಜನ್ ಸಿಂಗ್ ವಾಯುಪಡೆಯ ಮುಖ್ಯಸ್ಥರಾದರು, ವಯಸ್ಸು 45. ಮರುವರ್ಷ ಸೆಪ್ಟೆಂಬರ್ 1ರಂದು ಪಾಕಿಸ್ತಾನದ ಟ್ಯಾಂಕುಗಳು ಛಾಂಬ್ ದಾಟಿ ಅಖ್ನೂರಿನತ್ತ ನುಗ್ಗಿದವು. ಎಷ್ಟು ಹೊತ್ತಿನಲ್ಲಿ ನೆರವು ಕೊಡಬಲ್ಲಿರಿ ಎಂದು ರಕ್ಷಣಾ ಸಚಿವ ಯಶವಂತರಾವ್ ಚವಾಣ್ ಕೇಳಿದರು. ಒಂದು ಗಂಟೆಯೊಳಗೆ ಎಂದರು ಅರ್ಜನ್ ಸಿಂಗ್. ಕತ್ತಲಾಗುವ ಮೊದಲೇ ಪಠಾಣ್‌ಕೋಟ್‌ನಿಂದ ವ್ಯಾಂಪೈರ್ ಯುದ್ಧವಿಮಾನಗಳು ಎದ್ದವು, ಹಿಂದೆಯೇ ಮಿಸ್ಟೇರ್ ವಿಮಾನಗಳು. ಆ ಸಂಜೆ ನಾಲ್ಕು ವ್ಯಾಂಪೈರ್‌ಗಳನ್ನು ಕಳೆದುಕೊಂಡೆವು. ವ್ಯಾಂಪೈರ್ ಹಳತಾದ ವಿಮಾನ. ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳ ಎದುರು ನಿಲ್ಲುವುದು ಕಷ್ಟವೆಂದು ಯಾರಿಗೆ ಗೊತ್ತಿರಲಿಲ್ಲ? ಗೊತ್ತಿದ್ದೂ ಕಳುಹಿಸಬೇಕಾದ ಭಾರ ಮುಖ್ಯಸ್ಥನದು. ಸೆಪ್ಟೆಂಬರ್ 6ರಂದು ಪಠಾಣ್‌ಕೋಟ್‌ನಲ್ಲಿ ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳು ಪಾಕಿಸ್ತಾನದ ದಾಳಿಗೆ ಸುಟ್ಟುಹೋದ ಭಾರವೂ ಅವರದೇ ಆಯಿತು. ಇಂಥದ್ದಕ್ಕೆ ಶೌರ್ಯ ಪದಕ ಇಲ್ಲ. 1965ರಲ್ಲಿ ದೇಶ ಅವರಿಗೆ ಕೊಟ್ಟದ್ದು ಪದ್ಮವಿಭೂಷಣ, ಅಂದರೆ ನಾಗರಿಕ ಗೌರವ. 1966ರಲ್ಲಿ ಹುದ್ದೆಯನ್ನೇ ಏರ್ ಚೀಫ್ ಮಾರ್ಷಲ್ ದರ್ಜೆಗೆ ಏರಿಸಿತು.

ಎದೆಯ ಮೇಲೆ ಪದಕಗಳ ಗುರುತಾಗಿ ತೊಡುವ ರಿಬ್ಬನ್ ಸಾಲಿನ ಕ್ರಮ ಗೊತ್ತಿಲ್ಲದವರು ತಪ್ಪು ಓದುವುದು ಇಲ್ಲೇ. ಸ್ವತಂತ್ರ ಭಾರತದ ಪದಕಗಳೆಲ್ಲ ಮೊದಲು, ಬ್ರಿಟಿಷ್ ಕಾಲದವು ಆಮೇಲೆ. ಹಾಗಾಗಿ ಆ ಯುದ್ಧಕಾಲದಲ್ಲಿ ಸೇವೆಯಲ್ಲಿದ್ದವರಿಗೆ ಸಾಮಾನ್ಯವಾಗಿ ಸಿಕ್ಕ 1965ರ ರಕ್ಷಾ ಪದಕ ಮುಂದೆ, ಇಂಫಾಲ್‌ನಲ್ಲಿ ಪ್ರಾಣ ಒತ್ತೆಯಿಟ್ಟು ಪಡೆದ ಡಿಎಫ್‌ಸಿ ಹಿಂದೆ.

ಸಾಕ್ಷಿಯಿಲ್ಲದ ಶೌರ್ಯದ ಗತಿ ಏನು ಎನ್ನುವುದಕ್ಕೆ ಅರ್ಜನ್ ಸಿಂಗ್ ಅವರ ಅದೇ ನಂ. 1 ಸ್ಕ್ವಾಡ್ರನ್ನಿನಲ್ಲಿ, ನಮ್ಮ ಕೊಡಗಿನವರದೇ ಉದಾಹರಣೆ ಇದೆ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಹಿಂತಿರುಗಲಿಲ್ಲ. ಏಟು ತಿಂದ ಮಿಸ್ಟೇರ್‌ನಲ್ಲೇ ತಿರುಗಿ ನಿಂತು, ತಮ್ಮದಕ್ಕಿಂತ ಬಹಳ ವೇಗದ, ಪಾಕಿಸ್ತಾನದ ಸ್ಟಾರ್‌ಫೈಟರ್ ವಿಮಾನ ಒಂದನ್ನು ಉರುಳಿಸಿದ್ದರು. ನೋಡಿದ ಜೊತೆಗಾರ ಯಾರೂ ಇರಲಿಲ್ಲ. ಪಾಕಿಸ್ತಾನದ ಕಡೆಯ ವಿವರಗಳು ಹೊರಬಂದ ಮೇಲೆಯೇ ಸಂಗತಿ ಸ್ಪಷ್ಟವಾಯಿತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, 23 ವರ್ಷಗಳ ನಂತರ.

2002ರಲ್ಲಿ ಅರ್ಜನ್ ಸಿಂಗ್ ವಾಯುಪಡೆಯ ಮಾರ್ಷಲ್ ಆದರು. ಐದು ನಕ್ಷತ್ರದ ಈ ದರ್ಜೆ ವಾಯುಪಡೆಯಲ್ಲಿ ಇಂದಿನವರೆಗೆ ಅವರೊಬ್ಬರಿಗೇ ಸಿಕ್ಕಿದೆ. ಇದು ದರ್ಜೆ, ಪದಕವಲ್ಲ. ರಿಬ್ಬನ್ ಸಾಲಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮಾರ್ಷಲ್‌ಗೆ ನಿವೃತ್ತಿ ಇಲ್ಲ. 2017ರ ಸೆಪ್ಟೆಂಬರ್ 16ರಂದು, 98ನೇ ವಯಸ್ಸಿನಲ್ಲಿ ತೀರಿಕೊಂಡಾಗಲೂ ಅವರು ವಾಯುಪಡೆಯ ಸೇವೆಯಲ್ಲಿದ್ದ ಅಧಿಕಾರಿಯೇ.