ಹತ್ತು ಹಳೇ ಕಂಪ್ಯೂಟರ್, ಒಂದೇ ಮೊಬೈಲ್ ನೆಟ್: ಲಿನಕ್ಸ್‌ಗೆ ಯಾವ ಪ್ಯಾಕೇಜ್?

ಕಲಬುರಗಿಯಲ್ಲಿ ಆಳಂದ ರಸ್ತೆ ಕಡೆ ಮಕ್ಕಳು ಸೇರುವ ಒಂದು ಕೋಣೆಯಲ್ಲಿ ಹತ್ತು ಹಳೇ ಕಂಪ್ಯೂಟರ್‌ಗಳಿವೆ. ಕೆಲವದರಲ್ಲಿ ಉಬುಂಟು, ಕೆಲವದರಲ್ಲಿ ಮಿಂಟ್, ಎರಡರಲ್ಲಿ ಫೆಡೋರಾ. ಮೂರೂ ಲಿನಕ್ಸ್‌ನ ಬಗೆಗಳು, ಅಂದರೆ ವಿಂಡೋಸ್ ಜಾಗದಲ್ಲಿ ಹಾಕುವ ಸಿಸ್ಟಮ್‌ಗಳು. ಮಕ್ಕಳಿಗೆ ಚಿತ್ರ ಬಿಡಿಸೋಕೆ ಕ್ರಿತಾ ಆಪ್‌ನ ಹೊಸ ವರ್ಷನ್ ಬೇಕಿತ್ತು. ನೆಟ್ ಅಂದರೆ ನನ್ನ ಮೊಬೈಲ್ ಹಾಟ್‌ಸ್ಪಾಟ್ ಒಂದೇ, ಅದರಲ್ಲಿ ಬೇಸಿಗೆ ಬೇರೆ, ಡೌನ್‌ಲೋಡ್ ಮುಕ್ಕಾಲು ಆಗುವಷ್ಟರಲ್ಲಿ ಕರೆಂಟ್ ಹೋಗುತ್ತದೆ.

ಆಪ್ ಹಾಕೋಕೆ ಉಬುಂಟು, ಮಿಂಟ್‌ಗೆ ಡೆಬ್ ಅನ್ನೋ ಬಗೆಯ ಪ್ಯಾಕೇಜ್ ಫೈಲ್ ಬೇಕು, ಫೆಡೋರಾಗೆ ಆರ್‌ಪಿಎಂ. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆದರೆ ಯಾವ ಆಪ್ ಕೂಡ ಒಂಟಿಯಾಗಿ ಓಡುವುದಿಲ್ಲ, ಅದಕ್ಕೆ ಹತ್ತಾರು ಲೈಬ್ರರಿ (ಆಪ್‌ಗಳು ಹಂಚಿಕೊಳ್ಳುವ ಕೋಡ್‌ನ ಫೈಲ್‌ಗಳು) ಬೇಕು, ಅವೂ ಸರಿಯಾದ ವರ್ಷನ್‌ನವೇ ಆಗಬೇಕು. ಹಳೇ ಸಿಸ್ಟಮ್‌ನಲ್ಲಿ ಲೈಬ್ರರಿಗಳೂ ಹಳೇವೇ ಇರುತ್ತವೆ, ಹೊಸ ಆಪ್ ಅಲ್ಲಿ ಶುರುವೇ ಆಗದೆ ಇರಬಹುದು. ಈ ತೊಡಕು ತಪ್ಪಿಸೋಕೆ ನಾನು ಮೂರು ಬಗೆಯ ಪ್ಯಾಕೇಜ್ ನೋಡಿದೆ: ಆಪ್‌ಇಮೇಜ್, ಸ್ನ್ಯಾಪ್, ಫ್ಲ್ಯಾಟ್‌ಪ್ಯಾಕ್.

ನಮ್ಮ ಕಡೆ ಊರಿಗೆ ಹೊರಟವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬುತ್ತಿ ಕಟ್ಟಿಕೊಳ್ಳುತ್ತಾರಲ್ಲ, ಆಪ್‌ಇಮೇಜ್ ಹಾಗೆ. ಸೈಮನ್ ಪೀಟರ್ 2004ರಲ್ಲಿ ಕ್ಲಿಕ್ ಅನ್ನೋ ಹೆಸರಲ್ಲಿ ಶುರು ಮಾಡಿದ್ದು. ಬೇಕಾದ್ದೆಲ್ಲ ಹೆಚ್ಚುಕಡಿಮೆ ಒಂದೇ ಫೈಲ್‌ನಲ್ಲಿರುತ್ತದೆ. ಪೆನ್‌ಡ್ರೈವ್‌ನಲ್ಲಿ ತಂದು, ಓಡಿಸುವ ಅನುಮತಿ ಕೊಟ್ಟು, ಡಬಲ್ ಕ್ಲಿಕ್ ಮಾಡಿದರೆ ಸಾಕು. ಒಂದೇ ಒಂದು ಆಪ್ ಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ. ಉಬುಂಟು 22.04ರಲ್ಲಿ ಬಹಳಷ್ಟು ಆಪ್‌ಇಮೇಜ್‌ಗಳಿಗೆ ಲಿಬ್‌ಫ್ಯೂಸ್2 ಅನ್ನೋ ಲೈಬ್ರರಿ ಬೇರೆ ಹಾಕಬೇಕು. ಆಪ್‌ಇಮೇಜ್ ತಾನಾಗಿ ಆಪ್‌ಗೆ ಬೇಲಿ ಹಾಕುವುದಿಲ್ಲ, ಅಂದರೆ ನಿಮ್ಮ ಫೈಲ್ ಮುಟ್ಟದಂತೆ ತಡೆಯುವುದಿಲ್ಲ, ಅದಕ್ಕೇ ಆಪ್ ಮಾಡಿದವರ ಸೈಟ್‌ನಿಂದಲೇ ಇಳಿಸಿಕೊಳ್ಳಿ.

ಸ್ನ್ಯಾಪ್, ಉಬುಂಟು ಮಾಡುವ ಕೆನಾನಿಕಲ್ ಕಂಪನಿಯದು. ದಿನಕ್ಕೆ ನಾಲ್ಕು ಸಲ ತಾನೇ ಅಪ್‌ಡೇಟ್ ಹುಡುಕುತ್ತದೆ. ಸದಾ ನೆಟ್ ಇರುವವರಿಗೆ ಒಳ್ಳೆಯದೇ, ನಮ್ಮ ಹಾಟ್‌ಸ್ಪಾಟ್‌ಗೆ ಭಾರ. ತಡೆದು ಹಿಡಿಯಬಹುದು, ಆದರೆ ಹತ್ತು ಕಂಪ್ಯೂಟರ್‌ನಲ್ಲೂ ನೆನಪಿಟ್ಟು ಮಾಡಬೇಕಲ್ವಾ?

ನಾನು ಆರಿಸಿದ್ದು ಫ್ಲ್ಯಾಟ್‌ಪ್ಯಾಕ್. ಅಲೆಕ್ಸಾಂಡರ್ ಲಾರ್ಸನ್ ಶುರು ಮಾಡಿದ ಇದಕ್ಕೆ ಈ ಹೆಸರು ಬಂದದ್ದು 2016ರಲ್ಲಿ. ಇಲ್ಲಿ ಬುತ್ತಿಯ ಬದಲು ಎಲ್ಲರಿಗೂ ಒಂದೇ ಅಡುಗೆಮನೆ, ಅಂದರೆ ಆಪ್‌ಗಳು ಹಂಚಿಕೊಳ್ಳುವ ಲೈಬ್ರರಿಗಳ ಕಟ್ಟು, ಅದರ ಹೆಸರು ರನ್‌ಟೈಮ್. ಮೊದಲ ಆಪ್ ಜೊತೆ ನೂರಾರು ಎಂಬಿ ಇಳಿಯುತ್ತದೆ, ಅದೇ ರನ್‌ಟೈಮ್ ಬಳಸುವ ಎರಡನೇ ಆಪ್ ಹಗುರ. ಸಿಸ್ಟಮ್‌ನಲ್ಲಿರುವ ಕನ್ನಡ ಫಾಂಟ್‌ಗಳು ಆಪ್ ಒಳಗೂ ಕಾಣುತ್ತವೆ, ಇದು ನನಗೆ ಬಹಳ ಮುಖ್ಯ. ಆಪ್‌ಗೆ ಬೇಲಿಯೂ ಇದೆ, ಕೊಟ್ಟ ಅನುಮತಿಯಷ್ಟೇ ಫೈಲ್ ಮುಟ್ಟುತ್ತದೆ. ಪೆನ್‌ಡ್ರೈವ್‌ನಲ್ಲಿರುವ ಚಿತ್ರ ಆಪ್‌ಗೆ ಸಿಗಲಿಲ್ಲ ಅಂದರೆ ಗಾಬರಿ ಬೇಡ, ಫ್ಲ್ಯಾಟ್‌ಸೀಲ್ ಅನ್ನೋ ಆಪ್ ಹಾಕಿಕೊಂಡು ಅನುಮತಿ ಕೊಡಬಹುದು.

ನಿಜವಾಗಿ ಕೈ ಹಿಡಿದದ್ದು ಅದರ ಕ್ರಿಯೇಟ್-ಯುಎಸ್‌ಬಿ ಕಮಾಂಡ್. ನೆಟ್ ಚೆನ್ನಾಗಿರುವ ಕಡೆ ಒಂದು ಲ್ಯಾಪ್‌ಟಾಪ್‌ಗೆ ಆಪ್ ಇಳಿಸಿ, ರನ್‌ಟೈಮ್ ಸಮೇತ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೆ. ಎರಡೂ ಕಡೆ ಮೊದಲೇ ಫ್ಲ್ಯಾಟ್‌ಪ್ಯಾಕ್ ಆಪ್‌ಗಳು ಸಿಗುವ ಫ್ಲ್ಯಾಟ್‌ಹಬ್ ಭಂಡಾರ ಸೇರಿಸಿ, ಅದಕ್ಕೆ ಕಲೆಕ್ಷನ್ ಐಡಿ (ಆ ಭಂಡಾರದ ಗುರುತಿನ ಹೆಸರು) ಕೊಟ್ಟಿರಬೇಕು. ಡಿಸ್ಕ್ ಚಿಕ್ಕದಿದ್ದರೆ ಇನ್ನೊಂದು ನೋಡಿಕೊಳ್ಳಿ: ಆಪ್‌ಗಳು ಬೇರೆ ಬೇರೆ ವರ್ಷನ್ ರನ್‌ಟೈಮ್ ಕೇಳಿದರೆ ಅಷ್ಟೂ ಬಂದು ಕೂರುತ್ತವೆ. ಯಾವ ಆಪ್‌ಗೂ ಬೇಡವಾದ ರನ್‌ಟೈಮ್‌ಗಳನ್ನು ತಿಂಗಳಿಗೊಮ್ಮೆ ಅನ್‌ಇನ್‌ಸ್ಟಾಲ್ ಅನ್‌ಯೂಸ್ಡ್ ಕಮಾಂಡ್‌ನಿಂದ ತೆಗೆಯುತ್ತೇನೆ.